ಬೂದಿಯಲ್ಲಿ ಅಗೆದ ಮನೆ

ಬೇಸಿಗೆ ರಜೆಯ ಬುಕಿಂಗ್ ಜೋರಾಗಿರುವ ಈ ದಿನಗಳಲ್ಲಿ ಗ್ರೀಸಿನ ಸಾಂಟೊರಿನಿಗೆ ಹೊರಟವರು ಕೇಳುವುದು ಒಂದೇ ಪ್ರಶ್ನೆ: ಸೂರ್ಯಾಸ್ತ ಯಾವ ಮನೆಯ ಅಂಗಳದಿಂದ ಚೆನ್ನಾಗಿ ಕಾಣುತ್ತದೆ? ಹಳೆಮನೆಗಳಲ್ಲಿ ತಂಗುವ ರುಚಿ ಹತ್ತಿದವರು ಕೇಳಬೇಕಾದ್ದು ಬೇರೆ. ಗೋಡೆಗೆ ಬಳಿದದ್ದು ಸುಣ್ಣವೋ, ಪ್ಲಾಸ್ಟಿಕ್ ಪೇಂಟೋ? ಮಳೆನೀರಿನ ತೊಟ್ಟಿ ಉಳಿದಿದೆಯೋ, ಅದನ್ನೇ ಈಜುಕೊಳ ಮಾಡಿಬಿಟ್ಟಿದ್ದಾರೋ?

ದ್ವೀಪದ ಉತ್ತರ ತುದಿಯ ಇಯಾದಲ್ಲಿ ಹಡಗಿನ ಕಪ್ತಾನರು ಮೇಲುಗಡೆ ದೊಡ್ಡ ಮನೆ ಕಟ್ಟಿಸಿಕೊಂಡರು. ನಾವಿಕರು, ಬಡವರು ಕಡಿದಾದ ಇಳಿಜಾರಿನ ಬೂದಿಪದರವನ್ನೇ ಅಗೆದು ಒಳಹೊಕ್ಕರು. ಇಪೊಸ್ಕಾಫಾ ಎಂಬ ಈ ಮನೆಗಳ ಮುಂಭಾಗ ಇಕ್ಕಟ್ಟು, ಉದ್ದವೆಲ್ಲ ಒಳಕ್ಕೆ. ಎದುರು ಗೋಡೆಯ ನಡುವೆ ಬಾಗಿಲು, ಎರಡು ಮಗ್ಗುಲಿಗೂ ಕಿಟಕಿ, ಬಾಗಿಲ ನೆತ್ತಿಗೆ ಒಂದು ಬೆಳಕಿಂಡಿ. ಪಡಸಾಲೆ ದಾಟಿದರೆ ಅಡ್ಡಗೋಡೆ; ಅದರಲ್ಲೂ ಅದೇ ಬಾಗಿಲು, ಅದೇ ಜೋಡಿ ಕಿಟಕಿ, ಅದೇ ಬೆಳಕಿಂಡಿ. ಗುಡ್ಡದ ಹೊಟ್ಟೆಯೊಳಗಿನ ಮಲಗುವ ಕೋಣೆಗೆ ಹೊರಗಿನ ಬೆಳಕು, ಗಾಳಿ ಎರಡೂ ಬರುವುದು ಈ ಎರಡು ಸಾಲು ಕಿಂಡಿಗಳನ್ನು ಹಾದೇ. ನೇರ ಮೂಲೆ ಎಂಬುದು ಸಿಗುವುದು ಅಪರೂಪ. ಬೀರು ಇಡಲು ಜಾಗವಿಲ್ಲ; ಗೋಡೆಯಲ್ಲೇ ಕೊರೆದ ಗೂಡುಗಳಿವೆ. ಹೊರಗೆ ಸುಡುಬಿಸಿಲಿದ್ದರೂ ಒಳಗೆ ತಂಪು.

ಇಂಥ ಮನೆಗಳು ಉಳಿದದ್ದೇ ಒಂದು ಕತೆ. 1956ರ ಜುಲೈ 9ರ ಭೂಕಂಪದಲ್ಲಿ ದ್ವೀಪದಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು, ಇಯಾದ ಬಹುಪಾಲು ನೆಲಸಮವಾಯಿತು, ಎಷ್ಟೋ ಕುಟುಂಬಗಳು ಊರು ಬಿಟ್ಟವು. ಎಪ್ಪತ್ತರ ದಶಕದಲ್ಲಿ ಗ್ರೀಸಿನ ಪ್ರವಾಸೋದ್ಯಮ ಸಂಸ್ಥೆ ಪಾಳುಮನೆಗಳನ್ನು ಮಾಲೀಕರಿಂದ ನಿಗದಿತ ಅವಧಿಗೆ ಪಡೆದು, ದುರಸ್ತಿ ಮಾಡಿಸಿ ಅತಿಥಿಗೃಹವಾಗಿ ನಡೆಸಿತು. ಕಿಯೋಸ್ ದ್ವೀಪದ ಮೆಸ್ಟಾ, ಮಾನಿ ಸೀಮೆಯ ವಾಥಿಯಾದಲ್ಲೂ ಅದೇ ಕೆಲಸ ನಡೆಯಿತು. ಹಳೆಮನೆಯನ್ನು ಹಳೆಮನೆಯಾಗಿಯೇ ಬಿಟ್ಟು ಅದರಲ್ಲಿ ಅತಿಥಿಗೆ ಹಾಸಿಗೆ ಹಾಸಿದ ಆ ಪಂಥಕ್ಕೆ ಈ ಅಂಕಣದ ಮತ ಎಂದೆಂದಿಗೂ.

ಮನೆ ಆರಿಸುವ ಬಗೆಯನ್ನು ಬರೆಯಬೇಕಿತ್ತು, ಆದರೆ ಗಾರೆಯ ವಿಷಯ ಬಿಟ್ಟು ಮುಂದೆ ಹೋಗುವಂತಿಲ್ಲ. ಸಾಂಟೊರಿನಿಯಲ್ಲಿ ತೊಲೆಗೆ ಆಗುವಂಥ ಮರಗಳಿಲ್ಲ. ಹಾಗಾಗಿ ಛಾವಣಿಯೆಂದರೆ ಕಮಾನೇ. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಸಿಡಿದ ಜ್ವಾಲಾಮುಖಿಯ ಬೂದಿಯನ್ನು ಸುಣ್ಣದೊಂದಿಗೆ ಕಲಸಿದರೆ ನೀರಿನೊಳಗೂ ಗಟ್ಟಿಯಾಗುವ ಗಾರೆ ಸಿಗುತ್ತದೆ. ಕನ್ನಂಬಾಡಿ ಕಟ್ಟೆಯ ಸುರ್ಕಿ ಬಲ್ಲವರಿಗೆ ಇದರ ಮರ್ಮ ಹೊಸದಲ್ಲ: ಅಲ್ಲಿ ಸುಟ್ಟ ಜೇಡಿಯ ಪುಡಿ ಮಾಡಿದ ಕೆಲಸವನ್ನು ಇಲ್ಲಿ ಬೂದಿ ಮಾಡುತ್ತದೆ. 1860ರ ದಶಕದಲ್ಲಿ ಸೂಯೆಜ್ ಕಾಲುವೆಯ ಕಾಮಗಾರಿಗೆ ಈ ಬೂದಿ ಹಡಗೇರಿ ಹೋಯಿತು. ಅದನ್ನು ಅಗೆಯುವಾಗಲೇ ಪಕ್ಕದ ಥಿರಾಸಿಯಾದಲ್ಲಿ ಕಂಚಿನ ಯುಗದ ಮನೆಗಳ ಗೋಡೆ ಬೆಳಕಿಗೆ ಬಂತು.

ಬರ್ನಾರ್ಡ್ ರುಡೋಫ್ಸ್ಕಿ ವಿಯೆನ್ನಾದಲ್ಲಿ 1931ರಲ್ಲಿ ಮುಗಿಸಿದ ಡಾಕ್ಟರೇಟ್ ಪ್ರಬಂಧದ ವಸ್ತು ದಕ್ಷಿಣ ಸೈಕ್ಲಡೀಸ್ ದ್ವೀಪಗಳ ಈ ಕಾಂಕ್ರೀಟೇ. 1964ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ‘ವಾಸ್ತುಶಿಲ್ಪಿಗಳಿಲ್ಲದ ವಾಸ್ತುಶಿಲ್ಪ’ ಪ್ರದರ್ಶನ ನಡೆಸಿ, ಅದೇ ಹೆಸರಿನ ಪುಸ್ತಕ ತಂದವರೂ ಅವರೇ. ಹೆಸರಿಲ್ಲದ ಕಟ್ಟೋಣಗಾರರನ್ನು ಅಷ್ಟು ಗೌರವದಿಂದ ನೋಡಲು ಕಲಿಸಿದ ಪುಸ್ತಕ ಇನ್ನೊಂದಿಲ್ಲ. ಅದನ್ನು ಓದಿಕೊಂಡು ಹೋದವರಿಗೆ ಸಾಂಟೊರಿನಿಯ ಒಂದು ಕಮಾನೇ ದಿನವಿಡೀ ನೋಡಲು ಸಾಕು.

ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ. ಗುಡ್ಡದ ತೇವ ಒಳಬಂದರೂ ಆರಿಹೋಗುತ್ತದೆ. ಸಿಮೆಂಟು ಮೆತ್ತಿ ಪೇಂಟು ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಹೊಪ್ಪಳೆ ಏಳುತ್ತದೆ. ಅದಕ್ಕಿಂತ ದೊಡ್ಡ ಅನ್ಯಾಯ ಈಜುಕೊಳ. ಹೊಳೆಯಿಲ್ಲದ ದ್ವೀಪ ಇದು. ಛಾವಣಿಗೆ ಬಿದ್ದ ಚಳಿಗಾಲದ ಮಳೆಯನ್ನು ತೊಟ್ಟಿಗಿಳಿಸಿ ವರ್ಷ ದೂಡಿದವರ ಅಂಗಳದಲ್ಲಿ ಈಗ ಮನೆಗೊಂದು ನೀಲಿ ಕೊಳ. ಕಡಿದಾದ ಬೂದಿಗುಡ್ಡದ ಅಂಚಿಗೆ ನೀರಿನ ಅಷ್ಟು ಭಾರ ಹೇರುವುದನ್ನು ಜೀರ್ಣೋದ್ಧಾರ ಎಂದು ಕರೆಯಲಾಗದು. 2025ರ ಫೆಬ್ರುವರಿಯಲ್ಲಿ ಭೂಮಿ ದಿನಗಟ್ಟಲೆ ನಡುಗಿ ಸಾವಿರಾರು ಜನ ದ್ವೀಪ ಬಿಟ್ಟಾಗ, ಕೊಳಗಳನ್ನು ಬರಿದು ಮಾಡಿ ಎಂದು ಅಧಿಕಾರಿಗಳೇ ಹೇಳಬೇಕಾಯಿತು.

ಹೋಗುವವರು ಇಯಾದ ಪಕ್ಕದ ಫಿನಿಕಿಯಾವನ್ನೋ, ಕೊರಕಲಿನ ಎರಡೂ ಮಗ್ಗುಲಿಗೆ ಗುಹೆಮನೆ ಅಗೆದ ವೊಥೋನಸನ್ನೋ ಹುಡುಕಲಿ. ಸಮುದ್ರದ ಅಂಚಿನ ನೋಟ ಅಲ್ಲಿಲ್ಲ, ಹಾಗಾಗಿ ಕೊಳ ತೋಡುವ ಉಮೇದೂ ಕಡಿಮೆ. ಸೂರ್ಯಾಸ್ತ ಬೇಕೇ ಬೇಕೆಂದರೆ ಫಿನಿಕಿಯಾದಿಂದ ಇಯಾಗೆ ನಡೆದೇ ಹೋಗಬಹುದು.