ಸಾಕ್ಷಿಯ ಲೆಕ್ಕ: ದ್ಯುಬುವಾ ಸ್ವಾಮಿಗಳ ಪತ್ರಗಳನ್ನು ಓದುತ್ತಾ



ಮೈಸೂರು ಸೀಮೆಯ ಕ್ರೈಸ್ತರಾದ ನಮಗೆ ಅಬ್ಬೆ ದ್ಯುಬುವಾ ಅವರ ಹೆಸರು ಅಪರಿಚಿತವಲ್ಲ. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಯಾಜಕರು 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಅಲ್ಲಿಗೆ ಬಂದು, ಚದುರಿಹೋಗಿದ್ದ ಮಂದೆಯನ್ನು ಒಗ್ಗೂಡಿಸಿದರು. ದೇಶೀಯ ಉಡುಗೆ ತೊಡುಗೆಗಳನ್ನು ಅಳವಡಿಸಿಕೊಂಡರು, ನಿರ್ಗತಿಕರಿಗೆ ಬೇಸಾಯದ ನೆಲೆಗಳನ್ನು ಕಲ್ಪಿಸಿದರು, ಸಿಡುಬಿಗೆ ಲಸಿಕೆ ಹಾಕಿಸಿದರು; ಜನರ ಬಾಯಲ್ಲಿ ‘ದೊಡ್ಡಸ್ವಾಮಿಯವರು’ ಎನಿಸಿಕೊಂಡರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ ಲೋಕಪ್ರಸಿದ್ಧ. (ಅದರ ಬಹುಭಾಗ ಹಿಂದಿನ ಜೆಸ್ವಿತ್ ಗುರು ಕೂರ್ದು ಅವರ ಬರಹಗಳಿಂದ ಬಂದದ್ದೆಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ, ಅದಿರಲಿ.) ನಾನಿಲ್ಲಿ ಪರಾಮರ್ಶಿಸಹೊರಟಿರುವುದು ಅಷ್ಟಾಗಿ ಯಾರೂ ಓದದ ಅವರ ಇನ್ನೊಂದು ಪುಸ್ತಕವನ್ನು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಪತ್ರಗಳ ಆ ಸಂಕಲನ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಪುಸ್ತಕದ ತೀರ್ಮಾನ ಕಠೋರವಾದುದು. ಅಂದಿನ ಪರಿಸ್ಥಿತಿಯಲ್ಲಿ ಹಿಂದೂಗಳು ಕ್ರಿಸ್ತನನ್ನು ಅಂಗೀಕರಿಸುವುದು ಅಸಾಧ್ಯವೆಂದು ಅವರು ಬರೆದರು. ಇದರಿಂದ ಪ್ರೊಟೆಸ್ಟಂಟ್ ಮಿಷನರಿಗಳು ಕೆರಳಿದರು. ಮರುವರ್ಷವೇ ಜೇಮ್ಸ್ ಹಫ್ ಎಂಬವರು ಖಂಡನಗ್ರಂಥವೊಂದನ್ನು ಹೊರತಂದರು. ಆದರೆ ನಮ್ಮ ಧರ್ಮದ ಮೇಲೆ ಜನರಿಗೇಕೆ ಹಗೆ ಎಂಬ ಪ್ರಶ್ನೆಗೆ ದ್ಯುಬುವಾ ಕೊಡುವ ಉತ್ತರದಲ್ಲಿ ಪ್ರಾಮಾಣಿಕತೆಯಿದೆ. ಜನರಿಗೆ ಹೇಸಿಗೆ ಹುಟ್ಟಿಸಿದ್ದು ಪರಂಗಿಯವರ ನಡತೆ. ಆ ನಡತೆಯ ಕಳಂಕ ಅವರು ಸಾರಿದ ಧರ್ಮಕ್ಕೂ ಅಂಟಿತು ಎಂಬುದು ಅವರ ವಿವರಣೆ. ಸಂತ ಪೇತ್ರರೂ ತಮ್ಮ ಮೊದಲ ಪತ್ರದಲ್ಲಿ ಕ್ರಿಸ್ತನ ಹೆಸರಿಗಾಗಿ ಪಡುವ ಪಾಡನ್ನು, ತನ್ನ ತಪ್ಪಿಗಾಗಿ ಪಡುವ ಪಾಡಿನಿಂದ ಬೇರ್ಪಡಿಸುತ್ತಾರೆ. ಪ್ರತಿಯೊಂದು ಟೀಕೆಯನ್ನೂ ಧರ್ಮಹಿಂಸೆ ಎಂದು ಕರೆಯುವ ಆತುರ ನಮ್ಮಲ್ಲೂ ಉಂಟಷ್ಟೆ. ಈ ಮಟ್ಟಿಗೆ ದೊಡ್ಡಸ್ವಾಮಿಯವರು ನಮಗೆ ಒಳ್ಳೆಯ ಗುರು.

ಅವರು ಎಡವಿದ್ದು ಬೇರೊಂದು ಕಡೆ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿ ತಂದ ಪ್ರಸಂಗ ಈ ಪುಸ್ತಕದಲ್ಲಿ ಬರುತ್ತದೆ. ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿದ್ದ ಗುಮಾನಿ. ಸೆರೆಯಾದವರು ಅರವತ್ತು ಸಾವಿರ ಎಂದು ದ್ಯುಬುವಾ ಬರೆಯುತ್ತಾರೆ. ಬೇರೆಯವರ ಲೆಕ್ಕಗಳು ಬೇರೆ. ಬಲವಂತದ ಮತಾಂತರಕ್ಕೆ ಗುರಿಯಾದ ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ರಕ್ತಸಾಕ್ಷಿಯಾಗಲು ಮುಂದೆ ಬರಲಿಲ್ಲವಲ್ಲ, ಎಂಥ ನಾಚಿಕೆಗೇಡು ಎಂದು ಅವರು ಹಲುಬುತ್ತಾರೆ. ಸುಲ್ತಾನನ ಮರಣದ ನಂತರ ಬಹುಮಂದಿ ಮರಳಿ ಬಂದು, ತಾವು ಬಿಟ್ಟದ್ದು ಹೊರಗಿನ ವೇಷವನ್ನು ಮಾತ್ರ, ಅಂತರಂಗದ ವಿಶ್ವಾಸವನ್ನಲ್ಲ ಎಂದು ಅರಿಕೆ ಮಾಡಿಕೊಂಡರೆಂದು ಅಲ್ಲಿಯೇ ಬರೆಯುತ್ತಾರೆ. ಅಂಥ ಸುಮಾರು ಎರಡು ಸಾವಿರ ಜನರನ್ನು ಅವರೇ ಕಂಡಿದ್ದರು. ಇಪ್ಪತ್ತು ಸಾವಿರದಷ್ಟು ಜನ ಮಂಗಳೂರು ಸೀಮೆಗೆ ಹಿಂದಿರುಗಿ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಹೇಳುತ್ತಾರೆ. ಆದರೆ ಇದೆಲ್ಲ ಬರೆದ ಮೇಲೂ, ಇಂಥ ಪರೀಕ್ಷೆ ಮತ್ತೆ ಬಂದರೆ ಈ ಜನ ಮತ್ತೆ ಹಾಗೆಯೇ ಮಾಡುವರೆಂದು ಷರಾ ಹಾಕುತ್ತಾರೆ!

ಇದು ನ್ಯಾಯವೇ? ಹದಿನೈದು ವರ್ಷಗಳ ಕಾಲ ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ, ಹೆಸರನ್ನೂ ಕಳೆದುಕೊಂಡು ಬದುಕಿದವರು ಬಾಗಿಲು ತೆರೆದೊಡನೆ ದೇವಾಲಯದ ದಾರಿ ಹಿಡಿದರೆಂದರೆ, ಆ ವಿಶ್ವಾಸಕ್ಕೆ ಏನು ಹೆಸರು? ದ್ಯುಬುವಾ ಅವರಿಗೆ ಸತ್ತವರ ಲೆಕ್ಕ ಮಾತ್ರ ಗೊತ್ತು, ಉಳಿದು ಬಂದವರ ಲೆಕ್ಕ ಗೊತ್ತಿಲ್ಲ. ತಮ್ಮ ಸೇವಾವಧಿಯಲ್ಲಿ ಇನ್ನೂರು ಮುನ್ನೂರು ಜನರಷ್ಟೇ ಹೊಸದಾಗಿ ಕ್ರೈಸ್ತರಾದರೆಂದು ನಿಟ್ಟುಸಿರುಬಿಡುವ, ಅವರಲ್ಲಿ ಹೆಚ್ಚಿನವರು ಹೊಲೆಯರು, ಭಿಕ್ಷುಕರು ಎಂದು ಹಗುರವಾಗಿ ಕಾಣುವ ಮನಸ್ಸೂ ಇದೇ. ಶುಭಸಂದೇಶ ಮೊದಲು ಮುಟ್ಟಬೇಕಾದ್ದೇ ಅವರಿಗೆ ಎಂಬುದನ್ನು ಅವರು ಮರೆತಂತಿದೆ.

ಧರ್ಮಸಭೆಗೆ ಈ ಪ್ರಶ್ನೆ ಹೊಸತಲ್ಲ. 250ರ ಸುಮಾರಿಗೆ ಚಕ್ರವರ್ತಿ ಡೇಸಿಯಸ್‌ನ ಆಜ್ಞೆಗೆ ಹೆದರಿ ಅನೇಕರು ದೇವತೆಗಳಿಗೆ ಬಲಿಯರ್ಪಿಸಿದರು. ಅವರಿಗೆ ಬಾಗಿಲು ಮುಚ್ಚಬೇಕೆಂದು ನೊವಾಷಿಯನ್ ಪಟ್ಟುಹಿಡಿದ. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ಪ್ರಾಯಶ್ಚಿತ್ತ ವಿಧಿಸಿ ಅವರನ್ನು ಒಳಕ್ಕೆ ಕರೆದುಕೊಂಡರು. ಆಗ ಸ್ವತಃ ತಲೆಮರೆಸಿಕೊಂಡಿದ್ದ ಈ ಸಿಪ್ರಿಯಾನರೇ 258ರಲ್ಲಿ ರಕ್ತಸಾಕ್ಷಿಯಾದರು. ಪರೀಕ್ಷೆ ಮತ್ತೆ ಬಂದಾಗ ಮನುಷ್ಯ ಹೇಗೆ ನಡೆದಾನೆಂದು ಮುಂಗಡವಾಗಿ ಬರೆದಿಡಲು ಯಾರಿಂದಲೂ ಆಗದು.

ಈ ಹಳೆಯ ಪುಸ್ತಕ ಈಗೇಕೆ ಎಂದು ನೀವು ಕೇಳಬಹುದು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠವೂ ಸೇರಿದಂತೆ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. 2022ರಲ್ಲಿ ಮತಾಂತರ ನಿಷೇಧದ ಕಾಯಿದೆ ಬಂತು; 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಈ ಎರಡೂ ಸಂದರ್ಭಗಳಲ್ಲಿ ನಮ್ಮೊಳಗೆ ಎದ್ದದ್ದು ದ್ಯುಬುವಾ ಅವರ ಪ್ರಶ್ನೆಯೇ: ಎದೆಯೊಡ್ಡಿ ನಿಲ್ಲುವವನು ಮಾತ್ರ ಕ್ರೈಸ್ತನೋ? ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆ ಇಡೀ ಬೀದಿಗೆ ಒಂದೋ ಎರಡೋ ಮನೆಗಳಾಗಿ ಬಾಳುವ ಕುಟುಂಬಗಳಿಗೆ ಈ ಅಳತೆಗೋಲು ಹೊರೆಯಾಗುತ್ತದೆ. ಅವರ ಸಾಕ್ಷಿ ಇರುವುದು ನೆರೆಮನೆಯ ಕಾಯಿಲೆಯ ರಾತ್ರಿಯಲ್ಲಿ, ಅಂಗಡಿಯ ತಕ್ಕಡಿಯಲ್ಲಿ. ಹಾಗೆಂದು ಅನ್ಯಾಯ ಕಂಡಾಗ ಬಾಯಿ ಮುಚ್ಚಿಕೊಂಡಿರಬೇಕೆಂದಲ್ಲ. ಕಪಾಳಕ್ಕೆ ಹೊಡೆದ ಕಾವಲುಗಾರನನ್ನು ಯೇಸುಸ್ವಾಮಿ ಕಾರಣ ಕೇಳಿದರು, ತಿರುಗಿ ಹೊಡೆಯಲಿಲ್ಲ. ಸಂತ ಪೌಲರು ರೋಮಿನ ಚಕ್ರವರ್ತಿಗೇ ಮೇಲ್ಮನವಿ ಮಾಡಿಕೊಂಡರು. ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಅವರು 2022ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕದ್ದೂ ಇದೇ ದಾರಿ. ಪೊಲೀಸ್ ಠಾಣೆಗೆ ದೂರು ಕೊಡುವುದು ಅವಿಶ್ವಾಸದ ಲಕ್ಷಣವೆಂದು ಭಾವಿಸುವವರು ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತೈದನೆಯ ಅಧ್ಯಾಯವನ್ನು ಓದಲಿ.

ಇನ್ನೊಂದು ಮಾತು. 2015ರಲ್ಲಿ ಆರಂಭವಾಗಿ 2019ರಲ್ಲಿ ರದ್ದಾದ ಸರ್ಕಾರಿ ಟಿಪ್ಪು ಜಯಂತಿಯ ಜಗಳದಲ್ಲಿ, 1784ರ ನೋವನ್ನು ನಮ್ಮಿಂದ ಎರವಲು ಪಡೆದು ಮುಸ್ಲಿಮ್ ನೆರೆಯವರ ಮೇಲೆ ಬೀಸಿದವರಿದ್ದರು. ನಾವೂ ಕೊಟ್ಟೆವು. ನಂಜನಗೂಡಿನವರಿಗೆ ಅದೇ ಟಿಪ್ಪು ನಂಜುಂಡೇಶ್ವರನಿಗೆ ಪಚ್ಚೆ ಲಿಂಗವನ್ನರ್ಪಿಸಿದ ದೊರೆ. ತನ್ನ ಪಟ್ಟದಾನೆಯ ಕಣ್ಣು ವಾಸಿಯಾದುದಕ್ಕೆ ದೇವರನ್ನು ‘ಹಕೀಮ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯಿದೆ. ನಮ್ಮ ಹಿರಿಯರು ಪಟ್ಟ ಪಾಡು ಇದರಿಂದ ಸುಳ್ಳಾಗದು. ಆ ಪಾಡಿನಿಂದ ಇದೂ ಸುಳ್ಳಾಗದು. ಸೆರೆಯಿಂದ ಮರಳಿದವರು ಸೇಡಿನ ಪಟ್ಟಿ ಹಿಡಿದು ಬಂದರೆಂದು ದ್ಯುಬುವಾ ಕೂಡ ಎಲ್ಲಿಯೂ ಬರೆದಿಲ್ಲ. ಅವರು ಕೇಳಿದ್ದು ಪಾಪನಿವೇದನೆಯನ್ನು.

ದ್ಯುಬುವಾ 1823ರಲ್ಲಿ ಕಂಪನಿಯ ಪಿಂಚಣಿಯೊಡನೆ ಪ್ಯಾರಿಸ್ಸಿಗೆ ಮರಳಿ, 1848ರಲ್ಲಿ ತೀರಿಕೊಂಡರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ನೆನಪಿನ ದೇವಾಲಯವಿದೆ. ಅತ್ತ ಹೋದಾಗ ಮಕ್ಕಳಿಗೆ ದೊಡ್ಡಸ್ವಾಮಿಯವರ ಕಥೆಯೊಡನೆ, ಅವರ ಬಳಿಗೆ ಮರಳಿ ಬಂದ ಆ ಎರಡು ಸಾವಿರ ಜನರ ಕಥೆಯನ್ನೂ ಹೇಳಿರಿ.