ಶರಪಂಜರದ ಒಳಗಿನ ಬಾಣಗಳು

ತ್ರಿವೇಣಿಯವರ ‘ಶರಪಂಜರ’ದ ಬಗ್ಗೆ ತರಗತಿಯಲ್ಲೂ ವಿಮರ್ಶೆಯಲ್ಲೂ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: ಆಸ್ಪತ್ರೆ ಗುಣಪಡಿಸಿ ಕಳಿಸಿದ ಹೆಣ್ಣನ್ನು ಮನೆ ಮತ್ತೆ ಕಾಯಿಲೆಗೆ ತಳ್ಳಿತು. ಮಾತು ಸುಳ್ಳಲ್ಲ. ಬಾಣಂತನದಲ್ಲಿ ಮನಸ್ಸಿನ ಹತೋಟಿ ಕಳೆದುಕೊಂಡ ಕಾವೇರಿ ಚಿಕಿತ್ಸೆ ಪಡೆದು ಹಿಂತಿರುಗುವಾಗ ಗಂಡ ಸತೀಶ ದೂರ ಸರಿದಿದ್ದಾನೆ, ಬೇರೊಬ್ಬಳ ಕಡೆ ವಾಲಿದ್ದಾನೆ. ಸುತ್ತಲಿನವರ ಕಣ್ಣಲ್ಲಿ ಅವಳಿನ್ನೂ ಹುಚ್ಚಾಸ್ಪತ್ರೆಗೆ ಹೋಗಿಬಂದವಳೇ. ಸಿಟ್ಟು ಬಂದರೆ ಅದು ಸಿಟ್ಟಲ್ಲ, ರೋಗದ ಲಕ್ಷಣ. ಬಾಣ ಬಿಟ್ಟವರು ಯಾರು ಎಂಬ ಪ್ರಶ್ನೆಗೆ ಕಾದಂಬರಿ ಸ್ಪಷ್ಟ ಉತ್ತರ ಕೊಡುತ್ತದೆ, ನಾವೂ ಬರೆದುಕೊಂಡು ಮುಂದೆ ಹೋಗುತ್ತೇವೆ.

ಆದರೆ ಬಾಣಗಳೆಲ್ಲ ಹೊರಗಿನಿಂದಲೇ ಬಂದವೇ?

ಮನೋವೈದ್ಯಕೀಯದಲ್ಲಿ ಈಗ ‘ಸ್ವ-ಕಳಂಕ’ ಎಂಬ ಮಾತು ಬಳಕೆಯಲ್ಲಿದೆ. ಜನ ತನ್ನ ಬಗ್ಗೆ ಅಂದುಕೊಂಡದ್ದನ್ನು ರೋಗಿಯೇ ಒಪ್ಪಿಕೊಂಡು ತನ್ನ ಮೇಲೆ ಹೊರಿಸಿಕೊಳ್ಳುವುದು ಎಂದು ಅದರ ಅರ್ಥ. ಅಮೆರಿಕದ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಕಾರಿಗನ್ ಇದನ್ನು ಮೆಟ್ಟಿಲುಗಳಾಗಿ ವಿವರಿಸಿದರು. ಮೊದಲು, ಇಂಥವರನ್ನು ಲೋಕ ಕೈಲಾಗದವರು, ಅಪಾಯಕಾರಿಗಳು ಎಂದು ನೋಡುತ್ತದೆ ಎಂಬುದು ತಿಳಿಯುತ್ತದೆ. ಆಮೇಲೆ ಅದು ನಿಜವೇ ಇರಬೇಕು ಅನ್ನಿಸುತ್ತದೆ. ಕೊನೆಗೆ, ‘ಹಾಗಾದರೆ ನಾನೂ ಅಂಥವಳೇ’. ಅಲ್ಲಿಗೆ ಕೆಲಸ ಹುಡುಕುವುದು, ಸ್ನೇಹ ಬೆಳೆಸುವುದು, ಮಾತ್ರೆ ನುಂಗುವುದು ಎಲ್ಲವೂ ಯಾತಕ್ಕೆ ಎನ್ನುವ ಸ್ಥಿತಿ ಬರುತ್ತದೆ. ಎಲ್ಲರೂ ಆ ಮೂರನೆಯ ಮೆಟ್ಟಿಲಿಗೆ ಹೋಗುವುದಿಲ್ಲ ಎಂದೂ ಕಾರಿಗನ್ ತೋರಿಸಿದರು. ಕೆಲವರು ಆ ಮಾತು ಕೇಳಿ ಕೆರಳುತ್ತಾರೆ, ಇನ್ನು ಕೆಲವರು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಈ ಕಣ್ಣಿಂದ ನೋಡಿದರೆ ಆಸ್ಪತ್ರೆಯಿಂದ ಬಂದ ಕಾವೇರಿ ಕೆರಳುವವರ ಗುಂಪಿಗೆ ಸೇರಿದವಳು. ತಾನು ಸರಿಯಾಗಿದ್ದೇನೆ ಎಂದು ಅವಳಿಗೆ ಗೊತ್ತು, ಹಾಗೆಂದು ಹೋರಾಡುತ್ತಾಳೆ. ಕಾಯಿಲೆಯ ಕಳಂಕವನ್ನು ಅವಳು ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ಅವಳು ಒಪ್ಪಿಕೊಂಡಿರುವುದು ಇನ್ನೊಂದನ್ನು. ಮದುವೆಗೆ ಮುಂಚೆ ನಡೆದ, ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ಘಟನೆಯೊಂದು ಅವಳೊಳಗಿದೆ. ಆ ವಿಷಯದಲ್ಲಿ ಲೋಕ ಬಾಯಿ ತೆರೆಯುವ ಮೊದಲೇ ಅವಳು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದಾಳೆ. ಭ್ರಮೆಯಲ್ಲಿ ಹೊರಬೀಳುವುದೂ ಅದೇ. ವೈದ್ಯರು ರೋಗದ ಹೆಸರು ಹೇಳುವುದಕ್ಕೆ ಎಷ್ಟೋ ಮುಂಚೆ ಸ್ವ-ಕಳಂಕ ಮನೆ ಮಾಡಿಕೊಂಡಿರಬಲ್ಲದು ಎಂಬುದನ್ನು, ಆ ಪದವೇ ಇಲ್ಲದ ಕಾಲದಲ್ಲಿ, ತ್ರಿವೇಣಿ ಕಂಡಿದ್ದರು. ಮನಶ್ಶಾಸ್ತ್ರ ಓದಿ 1963ರಲ್ಲೇ ತೀರಿಕೊಂಡ ಲೇಖಕಿಯ ಒಳನೋಟ ಇದು.

ನನ್ನ ತಕರಾರು ಇರುವುದೂ ಇಲ್ಲೇ. ಕಾವೇರಿಯ ಕಾಯಿಲೆಗೆ ಕಾದಂಬರಿ ಒಂದು ಗುಟ್ಟನ್ನು ಕಾರಣವಾಗಿ ಹುಡುಕಿಕೊಡುತ್ತದೆ. ಮುಚ್ಚಿಟ್ಟ ಪಾಪಪ್ರಜ್ಞೆಯೇ ಹುಚ್ಚಾಗಿ ಸ್ಫೋಟಿಸುತ್ತದೆ ಎಂಬುದು ಆ ಕಾಲದ ಫ್ರಾಯ್ಡ್ ಓದಿನ ಬಳುವಳಿ. ಕಥೆ ಕಟ್ಟಲು ಅದರಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಆದರೆ ಹೆರಿಗೆಯ ನಂತರದ ಮನೋವಿಕಾರ 1000 ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುವ ಕಾಯಿಲೆ. ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ ಶುರುವಾಗುತ್ತದೆ. ಬೈಪೋಲಾರ್ ಕಾಯಿಲೆಯ ಹಿನ್ನೆಲೆ ಇದ್ದವರಿಗೆ ಅಪಾಯ ಹೆಚ್ಚು, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಅದು ಬರಲು ಗುಟ್ಟೇ ಬೇಕಿಲ್ಲ. ಪತಿಯೇ ದೈವವೆಂದು ಬದುಕಿದವಳಿಗೂ ಬರುತ್ತದೆ, ಯಾವ ದೈವವನ್ನೂ ನಂಬದವಳಿಗೂ ಬರುತ್ತದೆ. ಆರೋಗ್ಯವಂತ ಓದುಗ ಈ ಕಾರ್ಯಕಾರಣವನ್ನು ನೋಡಿ ಮರುಗುತ್ತಾನೆ. ಅದೇ ಕಾಯಿಲೆಯನ್ನು ದಾಟಿಬಂದ ಓದುಗಿ ಏನು ಮಾಡುತ್ತಾಳೆ? ‘ಹಾಗಾದರೆ ನಾನು ಮಾಡಿದ ತಪ್ಪು ಯಾವುದು’ ಎಂದು ಹುಡುಕಲು ಕೂರುತ್ತಾಳೆ. ಇಷ್ಟು ಕರುಣೆಯ ಕಾದಂಬರಿಯೂ ಅವಳ ಕೈಗೆ ಒಂದು ಬಾಣ ಕೊಟ್ಟುಬಿಟ್ಟಿತಲ್ಲ!

ಸ್ವ-ಕಳಂಕವನ್ನು ಇಳಿಸುವ ಚಿಕಿತ್ಸೆಗಳಲ್ಲಿ ಒಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಕುತೂಹಲ ಹುಟ್ಟಿಸಬೇಕು. ಫಿಲಿಪ್ ಯಾನೋಸ್, ಡೇವಿಡ್ ರೋ, ಪಾಲ್ ಲೈಸಾಕರ್ ರೂಪಿಸಿದ ಕ್ರಮ ಅದು. ತೀವ್ರ ಮಾನಸಿಕ ಕಾಯಿಲೆ ಇರುವವರು ಸಣ್ಣ ಗುಂಪಾಗಿ ಸುಮಾರು 20 ಬೈಠಕ್‌ಗಳಲ್ಲಿ ಕೂಡುತ್ತಾರೆ. ಕಾಯಿಲೆಯ ಬಗೆಗಿನ ನಂಬಿಕೆಗಳಲ್ಲಿ ಯಾವುದು ದಿಟ, ಯಾವುದು ಬರೀ ಮಾತು ಎಂದು ಮೊದಲು ಸೋಸುತ್ತಾರೆ. ಆಮೇಲೆ ತಮ್ಮ ತಮ್ಮ ಕಥೆಗಳನ್ನು ಬರೆದು ಓದುತ್ತಾರೆ. ಕೇಳುವವರು ತಮಗೆ ಕಂಡದ್ದನ್ನು ಹೇಳುತ್ತಾರೆ. ಕಥೆಯಲ್ಲಿ ‘ರೋಗಿ’ ಒಬ್ಬನೇ ಇದ್ದ ಜಾಗಕ್ಕೆ ಅಡುಗೆ ಬಲ್ಲವನು, ಅಣ್ಣ, ಹಾಡುವವನು ಬಂದು ಸೇರಿಕೊಳ್ಳುತ್ತಾರೆ.

ಕಾವೇರಿಗೆ ಸಿಗದೇ ಹೋದದ್ದು ಇದು. ಆ ಆಸ್ಪತ್ರೆಯಿಂದಲೇ ಬಂದು ಬಾಳುತ್ತಿರುವ ಇನ್ನೊಬ್ಬ ಹೆಂಗಸು ಅವಳ ಅಡುಗೆಮನೆಗೆ ಬಂದು ಕೂತು ಕಾಫಿ ಕುಡಿಯುವುದಿಲ್ಲ. ಅವಳ ಕಥೆಯನ್ನು ಹೇಳುವವರು ಬೇರೆಯವರೇ.

ಎಲಿನ್ ಸ್ಯಾಕ್ಸ್ ತಮ್ಮ ಕಥೆಯನ್ನು ತಾವೇ ಬರೆದರು. ಸ್ಕಿಜೋಫ್ರೇನಿಯಾದೊಂದಿಗೆ ಬಾಳುತ್ತ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಪ್ರಾಧ್ಯಾಪಕಿಯಾದವರು ಅವರು. 2007ರ ಅವರ ‘ದಿ ಸೆಂಟರ್ ಕೆನಾಟ್ ಹೋಲ್ಡ್’ನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಭ್ರಮೆಯ ವರ್ಣನೆಗಳಲ್ಲ, ಔಷಧದ ಜೊತೆಗಿನ ಜಗಳ. ಪದೇ ಪದೇ ಮಾತ್ರೆ ಕಡಿಮೆ ಮಾಡುತ್ತಾರೆ, ಬಿಡುತ್ತಾರೆ, ಬೀಳುತ್ತಾರೆ. ಮಾತ್ರೆ ನುಂಗಿದರೆ ತಾನು ‘ಅಂಥವಳು’ ಎಂದು ಸಹಿ ಹಾಕಿದಂತೆ ಎಂಬ ಭಯ. ವರ್ಷಗಳ ನಂತರ ಅದನ್ನು ಒಪ್ಪಿಕೊಂಡಾಗ ಕಾಯಿಲೆ ಅವರ ಬದುಕಿನಲ್ಲಿ ದೊಡ್ಡದಾಗಲಿಲ್ಲ, ಸಣ್ಣದಾಯಿತು. ಅವರಿಗೆ ಒಳ್ಳೆಯ ವೈದ್ಯರು, ಸ್ನೇಹಿತರು, ಉದ್ಯೋಗ, ಪ್ರೀತಿಸುವ ಗಂಡ ಎಲ್ಲ ಇದ್ದರು ಎಂಬುದನ್ನೂ ಮರೆಯಬಾರದು; ಸತೀಶನ ಮನೆಯಲ್ಲಿ ಅದೇ ಧೈರ್ಯ ಎಷ್ಟು ದಿನ ಬಾಳುತ್ತಿತ್ತೋ. ಆದರೂ ಆ ಪುಸ್ತಕ ಓದುವ ರೋಗಿಗೆ ಒಂದು ಮಾದರಿ ಸಿಗುತ್ತದೆ.

‘ಶರಪಂಜರ’ ಓದುವ ರೋಗಿಗೆ ಸಿಗುವುದು ಮುನ್ಸೂಚನೆ. ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಇದು ಇನ್ನೂ ಗಾಢ. ಮನೆಗೆ ಮರಳಿದವಳನ್ನು ವನವಾಸ ಮುಗಿಸಿದ ಸೀತೆಗೆ ಹೋಲಿಸುವ ಹಾಡು ಅದರಲ್ಲಿದೆ. ಹಿಂತಿರುಗಿದ ಸೀತೆಗೆ ಮುಂದೇನಾಯಿತು ಎಂಬುದು ಕೇಳುವವರಿಗೆಲ್ಲ ಗೊತ್ತು. ಕೊನೆಗೆ ಕಾವೇರಿ ಮತ್ತೆ ಕುಸಿಯುತ್ತಾಳೆ. ಕಲ್ಪನಾ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಆ ಕುಸಿತ. ಮನೆಗೆ ಬಂದ ಹೊಸದರಲ್ಲಿ ಅವಳು ನೆಟ್ಟಗೆ, ನಗುತ್ತ, ಗುಣವಾಗಿ ಓಡಾಡುವ ಭಾಗವೂ ಅದೇ ಚಿತ್ರದಲ್ಲಿದೆ.