ದೊಕ್‌ಸನ್ ಯಾರನ್ನು ಮೆಚ್ಚಿದಳು?

ಕೊರಿಯನ್ ಧಾರಾವಾಹಿ ‘ರಿಪ್ಲೈ 1988’ರ ಅತ್ಯಂತ ಪ್ರಸಿದ್ಧ ದೃಶ್ಯ ಅದರ ಹದಿನೆಂಟನೆಯ ಕಂತಿನಲ್ಲಿದೆ. ವಾಯುಪಡೆಯ ಅಧಿಕಾರಿಯಾಗಿರುವ ಜಂಗ್‌ಹ್ವಾನ್ ಗೆಳೆಯನ ಎದುರಿಗೇ ಬಾಲ್ಯದ ಗೆಳತಿ ದೊಕ್‌ಸನ್‌ಳ ಮುಂದೆ ಉಂಗುರವಿಟ್ಟು, ವರ್ಷಗಟ್ಟಲೆ ಬಚ್ಚಿಟ್ಟ ಪ್ರೀತಿಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಮರುಕ್ಷಣವೇ ಅದನ್ನೆಲ್ಲ ತಮಾಷೆ ಎಂದು ತೇಲಿಸುತ್ತಾನೆ. ಕೊರಿಯನ್ ಧಾರಾವಾಹಿಗಳ ಜೋಡಿಗಳ ಬಗ್ಗೆ ಎಲ್ಲಿ ಮಾತು ಎದ್ದರೂ ಈ ದೃಶ್ಯ ಬರುತ್ತದೆ. ದೊಕ್‌ಸನ್ ಕೊನೆಗೆ ಇನ್ನೊಬ್ಬ ಗೆಳೆಯ ತೇಕ್‌ನ ಕೈಹಿಡಿದದ್ದು ಅನ್ಯಾಯ ಎನ್ನುವವರಿಗೆ ಇದೇ ದೊಡ್ಡ ಸಾಕ್ಷಿ. ಆದರೆ ದೃಶ್ಯಕ್ಕೆ ಸಂದಿರುವ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ಹೆಚ್ಚಿನದು.

ಶಿನ್ ವನ್‌ಹೋ ನಿರ್ದೇಶಿಸಿ ಲೀ ವೂಜಂಗ್ ಬರೆದ ಈ ಇಪ್ಪತ್ತು ಕಂತುಗಳ ಧಾರಾವಾಹಿ 2015ರ ನವೆಂಬರ್‌ನಿಂದ 2016ರ ಜನವರಿವರೆಗೆ ಟಿವಿಎನ್‌ನಲ್ಲಿ ಪ್ರಸಾರವಾಯಿತು. ಕೊನೆಯ ಕಂತಿನ ಸರಾಸರಿ ರೇಟಿಂಗ್ ಶೇ. 18.8, ಕೊರಿಯಾದ ಕೇಬಲ್ ವಾಹಿನಿಗಳಲ್ಲಿ ಅದು ಆಗಿನ ದಾಖಲೆ. ಸೋಲ್‌ನ ಸ್ಸಾಂಗ್‌ಮುನ್‌ದೋಂಗ್ ಬಡಾವಣೆಯ ಒಂದು ಓಣಿ, ಐದು ಮನೆ, ಜೊತೆಯಾಗಿ ಬೆಳೆದ ಐವರು. 2015ರಲ್ಲಿ ನಡುವಯಸ್ಸಿನ ದೊಕ್‌ಸನ್ ಗಂಡನ ಪಕ್ಕದಲ್ಲಿ ಕೂತು ಹಳೆಯದನ್ನು ನೆನೆಯುತ್ತಾಳೆ. ಆ ಗಂಡ ಉಳಿದ ನಾಲ್ವರಲ್ಲಿ ಯಾರು ಎನ್ನುವುದು ಒಗಟು. ‘1997’, ‘1994’ ಸರಣಿಗಳಲ್ಲೂ ಇದೇ ತಂತ್ರವಿತ್ತು. ಈ ಸಲ ನೋಡುಗರು ಎರಡು ಪಾಳೆಯವಾದರು. ಜಂಗ್‌ಹ್ವಾನ್‌ನ ಪಾತ್ರ ಮಾಡಿದವನು ರ್ಯು ಜುನ್‌ಯೋಲ್. ‘ಏನೇ ಆದರೂ ಗಂಡ ರ್ಯು ಜುನ್‌ಯೋಲ್’ ಎಂಬುದನ್ನು ಚುಟುಕಾಗಿಸಿದ ‘ಓನಾಮ್‌ರ್ಯು’ ಜಂಗ್‌ಹ್ವಾನ್‌ನ ಕಡೆಯವರ ಘೋಷಣೆಯಾಯಿತು. ‘ಓನಾಮ್‌ತೇಕ್’ ಎದುರು ಪಾಳೆಯದ್ದು.

ಆ ನಿವೇದನೆಯ ದೃಶ್ಯದ ರಚನೆಯನ್ನು ನೋಡಬೇಕು. ಅವನು ಹೇಳುವುದೆಲ್ಲ ಪ್ರೇಕ್ಷಕರು ಮೊದಲೇ ಕಂಡದ್ದು: ಶಾಲೆಗೆ ಜೊತೆಯಾಗಿ ಹೋಗಲೆಂದು ಬಾಗಿಲಲ್ಲಿ ಕಾದದ್ದು, ತುಂಬಿದ ಬಸ್ಸಿನಲ್ಲಿ ಅವಳಿಗೆ ಯಾರೂ ತಾಗದಂತೆ ತೋಳು ಅಡ್ಡ ಹಿಡಿದದ್ದು. ನೆನಪುಗಳು ಒಂದೊಂದಾಗಿ ಮಾತಿಗೆ ಬರುವಾಗ ಕಣ್ಣು ತುಂಬುತ್ತದೆ. ರ್ಯು ಜುನ್‌ಯೋಲ್‌ನ ಅಭಿನಯ ನಿಜಕ್ಕೂ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಣ್ಣೀರು ಯಾರಿಗಾಗಿ? ಪ್ರೇಕ್ಷಕರು ಮತ್ತು ಜಂಗ್‌ಹ್ವಾನ್ ಇಬ್ಬರೂ ಬಲ್ಲ ಸಂಗತಿಗಳು ಅವು. ದೊಕ್‌ಸನ್ ಮಾತ್ರ ಬಹುಪಾಲು ಆಗಷ್ಟೇ ಕೇಳುತ್ತಿದ್ದಾಳೆ. ಅವಳು ಬಾಯಿ ತೆರೆಯುವ ಮೊದಲೇ ಅವನು ನಕ್ಕು ಗೆಳೆಯನ ಕಡೆ ತಿರುಗುತ್ತಾನೆ. ಪ್ರಶ್ನೆ ಕೇಳಿ ಉತ್ತರಕ್ಕೆ ಜಾಗವನ್ನೇ ಕೊಡದ ನಿವೇದನೆ ಇದು. ಉಂಗುರ ಮೇಜಿನ ಮೇಲೆಯೇ ಉಳಿಯುತ್ತದೆ. ಆ ದೃಶ್ಯದ ನಾಯಕ ಒಬ್ಬನೇ. ಅಲ್ಲಿ ಜೋಡಿ ಎಂಬುದೇ ಇಲ್ಲ.

ಅದೇ ಕಂತಿನ ಇನ್ನೊಂದು ಭಾಗ ಇದಕ್ಕಿಂತ ಪ್ರಾಮಾಣಿಕವಾದದ್ದು. ಸಂಗೀತ ಕಚೇರಿಗೆ ದೊಕ್‌ಸನ್ ಒಂಟಿಯಾಗಿ ಬಂದಿದ್ದಾಳೆಂದು ತಿಳಿದು ಜಂಗ್‌ಹ್ವಾನ್ ಕಾರು ಓಡಿಸುತ್ತಾನೆ. ದಾರಿಯುದ್ದಕ್ಕೂ ಕೆಂಪು ದೀಪ. ತಲುಪುವಷ್ಟರಲ್ಲಿ, ಗೋ ಎಂಬ ಹಲಗೆಯಾಟದ ಆಟಗಾರ ತೇಕ್, ಆಡಬೇಕಿದ್ದ ಪಂದ್ಯವನ್ನೇ ಬಿಟ್ಟು ಬಂದು, ಅವಳ ಎದುರು ನಿಂತಿದ್ದಾನೆ. ತನ್ನನ್ನು ತಡೆದದ್ದು ಸಿಗ್ನಲ್ ಅಲ್ಲ, ತನ್ನ ಲೆಕ್ಕವಿಲ್ಲದ ಹಿಂಜರಿಕೆಗಳು ಎಂದು ಜಂಗ್‌ಹ್ವಾನ್ ತಾನೇ ಒಪ್ಪಿಕೊಳ್ಳುತ್ತಾನೆ. ಅವನ ಅಭಿಮಾನಿಗಳು ಇಂದಿಗೂ ಒಪ್ಪದ ಮಾತನ್ನು ಪಾತ್ರವೇ ಹೇಳಿಬಿಟ್ಟಿದೆ.

ಈ ಅಭಿಮಾನಿಗಳದು ಮತ್ತೊಂದು ವಾದ: ಲೇಖಕಿ ನಡುವೆ ಮನಸ್ಸು ಬದಲಿಸಿ ಗಂಡನನ್ನೇ ಬದಲಿಸಿದರು. ಆಧಾರವಾಗಿ ಅವರು 2015ರ ಗಂಡನನ್ನು ತೋರಿಸುತ್ತಾರೆ. ಕಿಮ್ ಜೂಹ್ಯೋಕ್ ಅಭಿನಯಿಸಿದ ಆ ಗಂಡನ ಒರಟು ಚೇಷ್ಟೆ ಜಂಗ್‌ಹ್ವಾನ್‌ನದು, ಪಾರ್ಕ್ ಬೋಗಮ್‌ನ ಮೆಲುಮಾತಿನ ತೇಕ್‌ನದಲ್ಲ ಎನ್ನುತ್ತಾರೆ. ಗಮನಿಸಿದ್ದು ಸರಿ, ತೀರ್ಮಾನ ತಪ್ಪು. ಒಗಟು ಕೊನೆತನಕ ಉಳಿಯಬೇಕಾದರೆ ಆ ಗಂಡ ಇಬ್ಬರಿಗೂ ಹೊಂದುವಂತಿರಬೇಕು. ಹಾಗಾಗಿ ಅವನು ಯಾರಿಗೂ ಪೂರ್ತಿ ಹೊಂದುವುದಿಲ್ಲ. ತೇಕ್‌ನ ಕಡೆಗಿನ ಒಲವಿನ ಬೀಜ ಮೊದಲೇ ಬಿದ್ದಿದೆ: ಟೂರ್ನಿಗೆಂದು ಚೀನಾಕ್ಕೆ ಹೋದಾಗ ಅವನ ಊಟ, ನಿದ್ದೆ ನೋಡಿಕೊಳ್ಳುವವಳು ದೊಕ್‌ಸನ್. ಇಡೀ ದೇಶಕ್ಕೆ ಗೋ ವೀರನಾದವನು ಓಣಿಯಲ್ಲಿ ಶೂ ಲೇಸನ್ನೂ ನೆಟ್ಟಗೆ ಕಟ್ಟಲಾರದ ಹುಡುಗ ಎಂದು ಅವಳಿಗೆ ಗೊತ್ತು.

ಹಾಗೆಂದು ತೇಕ್‌ನ ಪಾಳೆಯವೂ ಗೆದ್ದಂತಲ್ಲ. ನಿಜವಾದ ದೋಷ ಒಗಟಿನಲ್ಲೇ ಇದೆ. ಗಂಡನ ಗುಟ್ಟು ಕಾಯಬೇಕೆಂದರೆ ದೊಕ್‌ಸನ್‌ಳ ಮನಸ್ಸನ್ನೂ ಮುಚ್ಚಿಡಬೇಕು. ಓಣಿಯ ಗೆಳೆಯ ಸನ್‌ವೂ ತನ್ನನ್ನು ಮೆಚ್ಚಿದ್ದಾನೆಂದು ಗೆಳತಿಯರು ಹೇಳಿದಾಗ ಅವಳು ಅವನತ್ತ ವಾಲುತ್ತಾಳೆ. ಜಂಗ್‌ಹ್ವಾನ್ ಎಂದಾಗ ಅವನತ್ತ. ನಿನ್ನನ್ನು ಯಾರು ಮೆಚ್ಚುತ್ತಾರೆ ಎಂಬುದಿರಲಿ, ನೀನು ಯಾರನ್ನು ಮೆಚ್ಚುತ್ತೀ ಎಂದು ಐವರಲ್ಲೊಬ್ಬನಾದ ದೋಂಗ್‌ರ್ಯೋಂಗ್ ಅವಳನ್ನು ಕೇಳುತ್ತಾನೆ. ಇಡೀ ಕಥೆ ತಿರುಗಬೇಕಾದ ಮಾತು ಅದು. ಆದರೆ ಉತ್ತರ ಹುಡುಕುವ ದೊಕ್‌ಸನ್‌ಳನ್ನು ಕಥೆ ತೋರಿಸದೆ ವರ್ಷಗಳನ್ನೇ ಹಾರಿಬಿಡುತ್ತದೆ. ಅದಕ್ಕೂ ಹೆಚ್ಚಿನ ನೋವಿನ ಸಂಗತಿ ಇನ್ನೊಂದಿದೆ. ತೇಕ್‌ಗೆ ಅವಳು ಇಷ್ಟ ಎಂದು ತಿಳಿದು ಜಂಗ್‌ಹ್ವಾನ್ ಹಿಂದೆ ಸರಿಯುತ್ತಾನೆ. ಜಂಗ್‌ಹ್ವಾನ್‌ನ ಪರ್ಸಿನಲ್ಲಿ ಅವಳ ಫೋಟೋ ಕಂಡು ತೇಕ್ ಹಿಂದೆ ಸರಿಯುತ್ತಾನೆ. ಸ್ನೇಹದ ಈ ತ್ಯಾಗಕ್ಕೆ ಎಲ್ಲರ ಮೆಚ್ಚುಗೆ ಸಿಕ್ಕಿತು. ಬಿಟ್ಟುಕೊಟ್ಟದ್ದು ಒಬ್ಬ ಹುಡುಗಿಯನ್ನು, ಅದೂ ಅವಳನ್ನು ಒಂದು ಮಾತು ಕೇಳದೆ, ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಹತ್ತೊಂಬತ್ತನೆಯ ಕಂತಿನ ಬೀಜಿಂಗ್ ಹೋಟೆಲಿನಲ್ಲಿ, ಹಿಂದೆ ತಾನು ಕನಸೆಂದುಕೊಂಡ ಮುತ್ತು ಕನಸಲ್ಲ ಎಂದು ತೇಕ್‌ಗೆ ತಿಳಿಯುವಾಗ ದೃಶ್ಯ ಸೊಗಸಾಗಿದೆ. ಅವಳು ಅಷ್ಟು ಕಾಲ ಅದನ್ನು ಹೇಗೆ ಹೊತ್ತಿದ್ದಳು ಎಂಬುದು ಮಾತ್ರ ತೆರೆಯ ಮೇಲೆ ಬರಲೇ ಇಲ್ಲ.

ಒಗಟಿನ ಹಂಗಿಲ್ಲದ ಜೋಡಿಗಳನ್ನು ನೋಡಿದರೆ ಇದೇ ಲೇಖಕಿ ಏನು ಬಲ್ಲರು ಎಂದು ತಿಳಿಯುತ್ತದೆ. ದೊಕ್‌ಸನ್‌ಳ ಅಕ್ಕ ಬೋರಾ ಮತ್ತು ಅವಳ ಪ್ರಿಯಕರ ಸನ್‌ವೂ ಇಬ್ಬರದೂ ಸಂಗ್ ಮನೆತನ, ಮೂಲವೂ ಒಂದೇ. ನಮ್ಮ ಸಗೋತ್ರ ನಿಷೇಧದಂಥ ಕಟ್ಟಳೆ ಕೊರಿಯಾದ ನಾಗರಿಕ ಸಂಹಿತೆಯಲ್ಲೇ ಇತ್ತು. ಸಂವಿಧಾನ ನ್ಯಾಯಾಲಯ ಅದನ್ನು ತಳ್ಳಿಹಾಕಿದ್ದು 1997ರಲ್ಲಿ. ಇವರ ಪ್ರೀತಿಗೆ ಅಡ್ಡ ಬರುವುದು ಕಾನೂನು, ತಾಯಂದಿರ ಭಯ, ಬೋರಾಳದೇ ಬಿಗುಮಾನ. ಯಾವುದೂ ಪ್ರೇಕ್ಷಕರಿಗೆ ಗುಟ್ಟಲ್ಲ, ಆದರೂ ಕುತೂಹಲ ಕುಂದುವುದಿಲ್ಲ.

ಎಲ್ಲರಿಗಿಂತ ಕಡಿಮೆ ಚರ್ಚೆಯಾದವರು ಸನ್‌ವೂವಿನ ವಿಧವೆ ತಾಯಿ ಸನ್‌ಯಂಗ್ ಮತ್ತು ತೇಕ್‌ನ ತಂದೆ ಮೂಸಂಗ್. ಹೆಂಡತಿ ತೀರಿಹೋದ ಮೂಸಂಗ್ ಮಾತು ಬಾರದವನಂತಿರುವ ಗಂಡಸು. ಇಬ್ಬರೂ ಒಂದೇ ಊರಿನವರು. ಅವನು ಹಾಸಿಗೆ ಹಿಡಿದಾಗ ಆಸ್ಪತ್ರೆಯಲ್ಲಿ ಆರೈಕೆ ಮಾಡುವವಳು ಅವಳು. ತೇಕ್ ಈ ಸಂಬಂಧವನ್ನು ಬೇಗ ಒಪ್ಪುತ್ತಾನೆ. ಸತ್ತ ಅಪ್ಪನ ಜಾಗಕ್ಕೆ ಇನ್ನೊಬ್ಬರು ಬರುವುದನ್ನು ಸಹಿಸಲು ಸನ್‌ವೂಗೆ ಸಮಯ ಬೇಕು, ಧಾರಾವಾಹಿ ಅವನಿಗೆ ಆ ಸಮಯ ಕೊಡುತ್ತದೆ. ಇಲ್ಲಿ ಉಂಗುರವಿಲ್ಲ, ನಿವೇದನೆಯ ಭಾಷಣವಿಲ್ಲ. ಇಬ್ಬರಿಗೂ ಏನು ಬೇಕೆಂದು ಇಬ್ಬರ ಮುಖದಲ್ಲೂ ಕಾಣುತ್ತದೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾರೆ.